ಮೂರನೇ ತೊಳೆತ

ಬೇಲೂರಿನ ಶಾಲೆಯಲ್ಲಿ ಶ್ರದ್ಧಾಂಜಲಿ ಸಭೆ. ಮುಖ್ಯೋಪಾಧ್ಯಾಯರು ಮೈಕಿನ ಮುಂದೆ ನಿಂತು, "ನಮ್ಮ ವಿಜ್ಞಾನದ ಮೇಡಂ ದೊಡ್ಡ ಸಂಶೋಧನೆ ಮಾಡುತ್ತಿದ್ದವರು. ಸಂಸಾರದ ತಾಪತ್ರಯದಿಂದ ಅರ್ಧಕ್ಕೆ ಬಿಟ್ಟು ಬಂದರು" ಎಂದರು. ನಾನು ಮೂರನೇ ಸಾಲಿನಲ್ಲಿ ಕೂತಿದ್ದೆ. ಅದು ನಿಜವಲ್ಲ; ನಿಜ ಏನೆಂದು ಆ ಸಭೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ಎದ್ದು ಹೇಳಬಹುದಿತ್ತು, ಹೇಳಲಿಲ್ಲ. ಆಮೇಲೆ "ಅರಸೀಕೆರೆಯ ಕಾಲೇಜಿನಿಂದ ಬಂದಿರುವ ಡಾಕ್ಟರ್" ಎಂದು ನನ್ನನ್ನೂ ವೇದಿಕೆಗೆ ಕರೆದರು. ಆ "ಡಾಕ್ಟರ್" ಕಿವಿಗೆ ಬಿದ್ದದ್ದೇ ಮೈ ಹಿಡಿಯಾಯಿತು. ಸರಳ ಜೀವಿ, ಶಿಸ್ತಿನ ಸಿಪಾಯಿ, ತುಂಬಲಾರದ ನಷ್ಟ ಎಂದು ಎಲ್ಲರೂ ಹೇಳುವ ಮೂರು ಮಾತು ಹೇಳಿ ಇಳಿದು ಬಂದೆ.

ಅವರಿಗೆ ಪಿಎಚ್.ಡಿ. ಸಿಗಲಿಲ್ಲ, ನನಗೆ ಸಿಕ್ಕಿತು. ಎರಡಕ್ಕೂ ಕಾರಣ ನಾನು ಒಂದು ಶನಿವಾರ ಬೆಳಿಗ್ಗೆ ಮಾಡಿದ ಕೆಲಸ. ಅದನ್ನು ಬಿಟ್ಟು ಅವರ ಬಗ್ಗೆ ಎಷ್ಟು ಹೊಗಳಿದರೂ ಅದು ಮೈಕಿನ ಮಾತೇ ಆಗುತ್ತದೆ. ಆದ್ದರಿಂದ ಬರೆಯಲು ಕೂತಿದ್ದೇನೆ.

ಲ್ಯಾಬಿನಲ್ಲಿ ನಾವೆಲ್ಲ ಅವರನ್ನು "ಟೀಚರ್" ಎನ್ನುತ್ತಿದ್ದೆವು. ಹಳೇಬೀಡಿನ ಹೈಸ್ಕೂಲಿನಲ್ಲಿ ಹನ್ನೆರಡು ವರ್ಷ ಪಾಠ ಹೇಳಿ, ಸಂಬಳವಿಲ್ಲದ ರಜೆ ಹಾಕಿ, ಮೂವತ್ತೆಂಟನೇ ವಯಸ್ಸಿನಲ್ಲಿ ಸಂಶೋಧನೆಗೆ ಬಂದವರು. ನಾವು ಉಳಿದ ಐದು ಜನ ಇಪ್ಪತ್ತಮೂರು, ಇಪ್ಪತ್ತನಾಲ್ಕರ ಹುಡುಗರು. ಬಂದ ಮೊದಲ ವಾರವೇ ಲ್ಯಾಬಿನ ಕರಿಹಲಗೆಯ ಮೂಲೆಯಲ್ಲಿ ನಮ್ಮ ಆರು ಹೆಸರು ಬರೆದು ದಿನಾ ಹಾಜರಿ ಹಾಕತೊಡಗಿದರು. ನಮಗೆ ನಗುವೋ ನಗು. ತಡವಾಗಿ ಬಂದವರ ಹೆಸರಿನ ಮುಂದೆ ಗೈರುಹಾಜರಿ ಇರುತ್ತಿರಲಿಲ್ಲ, ಒಂದು ಚುಕ್ಕೆ ಇರುತ್ತಿತ್ತು. ಏಕೆಂದು ಕೇಳಿದ್ದಕ್ಕೆ, "ಸ್ಕೂಲಲ್ಲಿ ನಾವು ಹಂಗೇ ಮಾಡೋದು ಕಣಪ್ಪ. ಬೆಳಿಗ್ಗೇನೇ ಆಬ್ಸೆಂಟ್ ಬರೆದುಬಿಟ್ರೆ ಆಮೇಲೆ ತಿದ್ದೋ ಹಾಗಿಲ್ಲ. ಚುಕ್ಕೆ ಇಟ್ಟಿದ್ರೆ ಅದರ ಮೇಲೇ ಹಾಜರಿ ಹಾಕಬಹುದು. ಕೊನೇ ಬೆಲ್ ಹೊಡೆಯೋ ತನಕ ಮಗು ಬರಬಹುದಲ್ಲ?" ಎಂದರು. ಹೆಚ್ಚು ಚುಕ್ಕೆ ಬೀಳುತ್ತಿದ್ದದ್ದು ನನ್ನ ಹೆಸರಿಗೆ.

ಅವರ ಮನೆ ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಲ್ಲಿ, ನಮ್ಮದು ಅರಸೀಕೆರೆಯಲ್ಲಿ. ವಿಶ್ವವಿದ್ಯಾಲಯ ರೈಲಿನಲ್ಲಿ ಮೂರು ಗಂಟೆ ದೂರ; ಅದರ ಹೆಸರು ಇಲ್ಲಿ ಬೇಡ. ಸೋಮವಾರ ಮೊದಲ ಬಸ್ಸಿಗೆ ಹೊರಟು ಅವರು ಅರಸೀಕೆರೆ ಸ್ಟೇಷನ್ನಿಗೆ ಬರುವಷ್ಟರಲ್ಲಿ ನಾನು ಪ್ಲಾಟ್‌ಫಾರಂ ಮೇಲೆ ಕೊಬ್ಬರಿ ಮೂಟೆಗಳ ಪಕ್ಕ ನಿಂತು ಆಕಳಿಸುತ್ತಿರುತ್ತಿದ್ದೆ. ರೈಲು ಹೊರಡುತ್ತಲೇ ಡಬ್ಬಿ ತೆಗೆಯುತ್ತಿದ್ದರು. ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ. "ತಿನ್ನು, ಹಾಸ್ಟೆಲ್ ಊಟದಲ್ಲಿ ಮೂಳೆ ಕಾಣ್ತಾ ಇದೆ ನಿಂಗೆ" ಎಂದು ಎರಡು ರೊಟ್ಟಿ ಕೈಗೆ ಹಾಕಿ, ಮೂರನೆಯದು ಬೇಡವೆಂದರೆ ಮುನಿಸಿಕೊಳ್ಳುತ್ತಿದ್ದರು. ಶುಕ್ರವಾರ ಮಧ್ಯಾಹ್ನದ ರೈಲಿಗೆ ವಾಪಸು ಹೊರಡುತ್ತಿದ್ದರು, ಇಲ್ಲದಿದ್ದರೆ ಹಳೇಬೀಡಿನ ಕೊನೆಯ ಬಸ್ಸು ಸಿಗುತ್ತಿರಲಿಲ್ಲ.

ನಮ್ಮ ಕೆಲಸ ಅಣುಗಳ ತಂತಿ. ಕೇಳಿದರೆ ದೊಡ್ಡದೆನಿಸುತ್ತದೆ, ಹೇಳುವುದಕ್ಕೆ ಸುಲಭ. ಕಡ್ಡಿಯಂಥ ಉದ್ದನೆಯ ಒಂದು ಅಣುವನ್ನು ತಯಾರಿಸಬೇಕು. ಅದರ ಎರಡು ತುದಿಗೂ ಗಂಧಕ ಕೂರಿಸಬೇಕು, ಗಂಧಕ ಚಿನ್ನವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಎರಡು ಚಿನ್ನದ ತುದಿಗಳ ನಡುವೆ ಅಣು ಹಾಗೆ ಹಿಡಿದು ನಿಂತರೆ ಅದರ ಮೂಲಕ ಕರೆಂಟು ಹರಿಯುತ್ತದೆಯೇ, ಎಷ್ಟು ಹರಿಯುತ್ತದೆ ಎಂದು ಅಳೆಯಬೇಕು. ತಯಾರಿಸುವುದು ಟೀಚರ್ ಕೆಲಸ, ಅಳೆಯುವುದು ನನ್ನದು.

ತಯಾರಿಸುವುದರಲ್ಲಿ ಒಂದು ತೊಂದರೆಯಿತ್ತು. ಅಣುವಿನ ತುಂಡುಗಳನ್ನು ಒಂದಕ್ಕೊಂದು ಜೋಡಿಸಲು ಪಲ್ಲಾಡಿಯಂ ಎಂಬ ಲೋಹ ಚೂರೇ ಚೂರು ಬೇಕು. ಕೆಲಸ ಮುಗಿದ ಮೇಲೆ ಅದು ಹೊರಗೆ ಹೋಗಬೇಕು, ಆದರೆ ಮದುವೆ ಮುಗಿದರೂ ಜಗಲಿ ಬಿಡದ ನೆಂಟರ ಹಾಗೆ ಅಲ್ಲೇ ಕೂತಿರುತ್ತದೆ. ಅದಕ್ಕಾಗಿ ಟೀಚರ್ ಪ್ರತಿ ಸಲವೂ ಮೂರು ಬಾರಿ ಶುದ್ಧ ಮಾಡುತ್ತಿದ್ದರು. ಪಾತ್ರೆಯ ಲೆಕ್ಕದಲ್ಲಿ ಅದಕ್ಕೆ ಅವರು ಇಟ್ಟ ಹೆಸರು ತೊಳೆತ. ಮೊದಲ ಎರಡು ತೊಳೆತ ಎಲ್ಲರೂ ಮಾಡುವಂಥದ್ದು. ಮೂರನೆಯದರಲ್ಲಿ ಲೋಹ ಹೀರುವ ಒಂದು ಪುಡಿ ಹಾಕಿ ಎರಡು ದಿನ ಸುಮ್ಮನೆ ತಿರುಗಲು ಬಿಡಬೇಕಿತ್ತು. ನಮಗೆಲ್ಲ ಅದು ದಂಡದ ಕೆಲಸ ಅನ್ನಿಸುತ್ತಿತ್ತು.

ಒಮ್ಮೆ ನಾವೆಲ್ಲ ಅವರ ಊರಿಗೆ ಹೋಗಿದ್ದೆವು. ಬಸ್ತಿಹಳ್ಳಿಯ ಬಸದಿಯ ಕಂಬಗಳಲ್ಲಿ ಮುಖ ಕಾಣುತ್ತದಲ್ಲ, ಅದನ್ನು ನೋಡುತ್ತ ನಮ್ಮಲ್ಲೊಬ್ಬ, ಹೊಯ್ಸಳರಿಗೆ ಆಗಲೇ ನ್ಯಾನೋ ತಂತ್ರಜ್ಞಾನ ಗೊತ್ತಿತ್ತು ಎಂದು ಶುರು ಮಾಡಿದ. ಟೀಚರ್ ಗದರಿದರು. "ಭಾಷಣ ಬೇಡ ಕಣೋ. ಕಲ್ಲು ತಿಕ್ಕಿದ್ರು ಅವರು. ಸಾಕು ಅಂತ ಯಾರೋ ಹೇಳಿದ ಮೇಲೂ ತಿಕ್ಕಿದ್ರು. ಅಷ್ಟೇ ಗೊತ್ತಿದ್ದದ್ದು ಅವರಿಗೆ, ಅಷ್ಟು ಸಾಕು."

ಅವತ್ತೇ ಅವರ ಯಜಮಾನರನ್ನು ನೋಡಿದ್ದು. ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ಎತ್ತರದ ಆಳು, ಮಾತು ಕಡಿಮೆ. ಎಲೆಗೆ ಪಾಯಸ ಬಡಿಸುತ್ತ, "ನಮ್ಮನೇಲಿ ಇಬ್ರೂ ವೈರ್ ಎಳೆಯೋರೇ ಸಾ. ನಂದು ಊರಿಗೆಲ್ಲ ಕಾಣ್ತದೆ, ಅವಳ್ದು ಅವಳಿಗೂ ಕಾಣಕಿಲ್ಲ" ಎಂದರು. ಟೀಚರ್ ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಮತ್ತೆ ನೋಡಲಿಲ್ಲ.

ಅವರ ನೋಟ್‌ಬುಕ್ಕಿನ ವಿಷಯ ಹೇಳಲೇಬೇಕು. ಪೆನ್ನಿನಲ್ಲೇ ಬರೆಯಬೇಕು. ತಪ್ಪಾದರೆ ಕೆಳಗಿನ ಅಕ್ಷರ ಕಾಣುವ ಹಾಗೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಬೇಕು. ಹಾಳೆ ಹರಿಯಬಾರದು. ಎಲ್ಲಕ್ಕಿಂತ ಮುಖ್ಯ, ಹಿಂದಿನ ತಾರೀಖು ಹಾಕಬಾರದು. ಯಾವತ್ತು ಬರೆಯುತ್ತೀಯೋ ಅವತ್ತಿನದೇ ತಾರೀಖು. ನಾನೊಮ್ಮೆ ಪುಸ್ತಕ ಹತ್ತಿರವಿಲ್ಲವೆಂದು ತೂಕವನ್ನು ಬಸ್ ಟಿಕೆಟ್ಟಿನ ಹಿಂದೆ ಗೀಚಿಕೊಂಡಿದ್ದೆ. ನಕಲು ಮಾಡಲು ಬಿಡಲಿಲ್ಲ. ಟಿಕೆಟ್ಟನ್ನೇ ಗೋಂದು ಹಚ್ಚಿ ಪುಸ್ತಕಕ್ಕೆ ಅಂಟಿಸಿದರು. "ಪುಸ್ತಕಕ್ಕೆ ಮಾತ್ರ ಸುಳ್ಳು ಹೇಳಬಾರದು ಕಣಪ್ಪ. ಮನುಷ್ಯರಿಗಾದ್ರೆ ಆಮೇಲೆ ಹೋಗಿ ತಪ್ಪಾಯ್ತು ಅನ್ನಬಹುದು" ಎಂದರು.

ನಾಲ್ಕನೇ ವರ್ಷದ ಒಂದು ಶುಕ್ರವಾರ. ಟೀಚರ್ ಅದುವರೆಗಿನ ಅತಿ ಉದ್ದದ ಅಣುವನ್ನು ತಯಾರಿಸಿ, ಎರಡು ತೊಳೆತ ಮುಗಿಸಿ, ಮೂರನೆಯದಕ್ಕೆ ಪುಡಿ ಹಾಕಿ, ತಿರುಗುವ ಯಂತ್ರ ಚಾಲೂ ಮಾಡಿ ಊರಿಗೆ ಹೊರಟರು. "ಸೋಮವಾರ ಬಂದು ಸೋಸ್ತೀನಿ. ಯಾರೂ ಮುಟ್ಟಬೇಡಿ" ಎಂದರು. ಅವರು ಹೋದ ಅರ್ಧ ಗಂಟೆಗೆ ಫೋನು ಬಂತು. ಕರೆಂಟು ಅಳೆಯುವ ಉಪಕರಣ ನಮ್ಮಲ್ಲಿರಲಿಲ್ಲ. ಬೇರೊಂದು ಸಂಸ್ಥೆಯಲ್ಲಿತ್ತು, ಎರಡು ತಿಂಗಳಿಗೊಮ್ಮೆ ನಮ್ಮ ಸರದಿ. ಯಾರೋ ಬರುವುದಿಲ್ಲವೆಂದು ತಿಳಿಸಿದ್ದರಿಂದ ಮರುದಿನ ಶನಿವಾರ ಖಾಲಿಯಿದೆ, ಬೇಕಾದರೆ ಬನ್ನಿ ಎಂದರು.

ನನಗೆ ಆತುರ. ಫೆಲೋಶಿಪ್ ಮುಗಿಯಲು ಇನ್ನು ಒಂದೇ ವರ್ಷ ಬಾಕಿಯಿತ್ತು, ಥೀಸಿಸ್ಸಿನ ಮೂರನೇ ಅಧ್ಯಾಯ ಬೋಳಾಗಿತ್ತು. ಅಣು ಶುದ್ಧವಾಗಿದೆಯೇ ಎಂದು ನೋಡುವ ಎನ್.ಎಂ.ಆರ್. ಚಿತ್ರ ಕನ್ನಡಿಯಷ್ಟು ಸ್ವಚ್ಛವಾಗಿ ಬಂದಿತ್ತು. ಆ ಚಿತ್ರದಲ್ಲಿ ಲೋಹದ ಕಣ ಕಾಣುವುದಿಲ್ಲ ಎಂದು ಗೊತ್ತಿಲ್ಲದವನಲ್ಲ ನಾನು. ಶನಿವಾರ ಬೆಳಿಗ್ಗೆ ಏಳಕ್ಕೆ ಹೋಗಿ ಯಂತ್ರ ನಿಲ್ಲಿಸಿದೆ. ಸೋಸಿದೆ. ಸೀಸೆ ಜೇಬಿಗಿಟ್ಟುಕೊಂಡು ಹೊರಟೆ. ಟೀಚರಿಗೆ ಫೋನು ಮಾಡಲಿಲ್ಲ, ಬೇಡ ಅಂತಾರೆ ಎಂದು ಗೊತ್ತಿತ್ತು.

ಕರೆಂಟು ಹರಿಯಿತು. ನಾವು ಕನಸಿನಲ್ಲೂ ಎಣಿಸದಷ್ಟು ಹರಿಯಿತು. ಅಷ್ಟು ಉದ್ದದ ಅಣುವಿನಲ್ಲಿ ಅಷ್ಟು ಕರೆಂಟನ್ನು ಯಾರೂ ಕಂಡಿರಲಿಲ್ಲ.

ಭಾನುವಾರ ಊರಿಗೆ ಹೋಗಿ, ಸೋಮವಾರ ರೈಲಿನಲ್ಲಿ ಅವರಿಗೆ ಹೇಳಿದೆ. ರೊಟ್ಟಿಯ ಡಬ್ಬಿ ತೆರೆಯುತ್ತಿದ್ದವರು ಹಾಗೇ ಮುಚ್ಚಿದರು. ಬಾಣಾವರ ದಾಟಿದ ಮೇಲೆ, "ಕೇಳಬೇಕಿತ್ತು ನೀನು. ಆಯ್ತು, ಪುಸ್ತಕದಲ್ಲಿ ಬರಿ. ತೊಳೆತ ನಾನು ನಿಲ್ಲಿಸಿದೆ ಅಂತ ನಿನ್ನ ಕೈಯಲ್ಲೇ ಬರೆದು ಸಹಿ ಹಾಕು" ಎಂದರು. "ಬರೀತೀನಿ ಟೀಚರ್" ಎಂದೆ. ಆ ವಾರ ಮತ್ತೆ ಎರಡು ಸಲ ನೆನಪಿಸಿದರು. ಬರೆಯಲಿಲ್ಲ. ಅಷ್ಟರಲ್ಲಿ ನಮ್ಮ ಸಂಶೋಧನೆಯ ಗೈಡ್ ಎಲ್ಲರಿಗೂ ಮೈಸೂರುಪಾಕ್ ಹಂಚಿ, ಪ್ರಬಂಧ ಬರೆಯಲು ಕೂರಿಸಿದ್ದರು. ಇನ್ನೊಮ್ಮೆ ಮಾಡಿ ನೋಡೋಣ ಎಂದ ಟೀಚರಿಗೆ, ಎನ್.ಎಂ.ಆರ್. ಸ್ವಚ್ಛವಾಗಿದೆಯಲ್ಲ, ಆಮೇಲೆ ಮಾಡಿ ಎಂದರು. ಪ್ರಬಂಧ ಒಳ್ಳೆಯ ಪತ್ರಿಕೆಯಲ್ಲಿ ಅಚ್ಚಾಯಿತು. ಟೀಚರ್ ಹೆಸರು ಮೊದಲು, ನನ್ನದು ಎರಡನೆಯದು.

ಎಂಟು ತಿಂಗಳಾದ ಮೇಲೆ ಟೀಚರ್ ಅದೇ ಅಣುವನ್ನು ಮತ್ತೆ ತಯಾರಿಸಿದರು. ಈ ಸಲ ಮೂರು ತೊಳೆತವೂ ಪೂರ್ತಿ. ಅಳೆದೆ, ಕರೆಂಟೇ ಇಲ್ಲ. ಇನ್ನೊಮ್ಮೆ ಮಾಡಿಕೊಟ್ಟರು. ಆಗಲೂ ಇಲ್ಲ. ಆಮೇಲೆ ಬೇಕೆಂತಲೇ ಎರಡೇ ತೊಳೆತ ಮಾಡಿ ಕೊಟ್ಟರು. ಧಾರಾಳವಾಗಿ ಹರಿಯಿತು. ನಾವು ಜಗತ್ತಿಗೆ ಸಾರಿದ ಕರೆಂಟು ಅಣುವಿನದ್ದಲ್ಲ, ಒಳಗೆ ಉಳಿದಿದ್ದ ಪಲ್ಲಾಡಿಯಂ ಕಣಗಳದ್ದು. ಟೀಚರ್ ಎಲ್ಲವನ್ನೂ ಬರೆದು ಮುಗಿಸಿ, ಪೆನ್ನಿನ ಮುಚ್ಚಳ ಹಾಕಿ, "ನಡಿ, ಸರ್ ಹತ್ರ ಹೋಗೋಣ" ಎಂದರು.

ಹಿಂದಿನ ಸಲ ಮೂರನೇ ತೊಳೆತ ಅರ್ಧಕ್ಕೆ ನಿಂತಿತ್ತೆಂದು ಟೀಚರ್ ಹೇಳಿದರೂ, ಗೈಡ್ ಮೊದಲು ಹೊಸ ಮಾದರಿಯೇ ಕೆಟ್ಟಿರಬೇಕು ಎಂದು ವಾದಿಸಿದರು. ಆಮೇಲೆ, ಯಾರಿಗೆ ಗೊತ್ತಾಗುತ್ತದೆ, ಸುಮ್ಮನಿರಿ ಎಂದರು. ಟೀಚರ್, "ನಮಗೆ ಗೊತ್ತಾಯ್ತಲ್ಲ ಸರ್. ಪ್ರಬಂಧ ವಾಪಸ್ ತಗೋಬೇಕು" ಎಂದರು. ಅರ್ಧ ಗಂಟೆ ಅದೊಂದೇ ಮಾತು. ಗೈಡ್ ಮುಖ ಕೆಂಪಾಯಿತು. ಮೇಜು ಗುದ್ದಿ, "ತೊಳೆತ ನಿಲ್ಲಿಸಿದವರು ಯಾರು? ಅದನ್ನು ಹೇಳಿ ಮೊದಲು. ಅವರು ಇವತ್ತೇ ನನ್ನ ಲ್ಯಾಬ್ ಬಿಡಬೇಕು" ಎಂದು ಕೂಗಿದರು.

ನಾನು ಬಾಗಿಲ ಪಕ್ಕ ನಿಂತಿದ್ದೆ. ಟೀಚರ್ ನನ್ನ ಕಡೆ ತಿರುಗಿ ನೋಡಿದರು. ಅವಕಾಶ ಕೊಟ್ಟರು ಎಂದು ಈಗ ಅನ್ನಿಸುತ್ತದೆ. ಹಾಜರಿ ಕೂಗಿ ಮಗುವಿನ ದನಿಗೆ ಕಾಯುವಷ್ಟು ಹೊತ್ತು. ನಾನು ನೆಲ ನೋಡಿದೆ.

"ನಾನೇ ಸರ್" ಎಂದರು ಟೀಚರ್.

ಗೈಡಿಗೆ ನೋಟ್‌ಬುಕ್ ತೆರೆದು ನೋಡುವ ತಾಳ್ಮೆ ಇರಲಿಲ್ಲ. ಪ್ರಬಂಧ ವಾಪಸಾಯಿತು. ಟೀಚರ್ ರಜೆ ಮುಂದುವರಿಸಲು ಬೇಕಿದ್ದ ಪತ್ರಕ್ಕೆ ಗೈಡ್ ಸಹಿ ಹಾಕಲಿಲ್ಲ. ತಿಂಗಳೊಳಗೆ ಅವರು ಮತ್ತೆ ಶಾಲೆಗೆ ಹೋದರು, ಬೇಲೂರಿಗೆ ವರ್ಗವಾಯಿತು. ನಾನು ಬೇರೆಯವರು ತಯಾರಿಸಿದ ಅಣುಗಳನ್ನು ಅಳೆದು ಮೂರನೇ ಅಧ್ಯಾಯ ತುಂಬಿಸಿ, ಎರಡು ವರ್ಷಕ್ಕೆ ಡಾಕ್ಟರ್ ಆದೆ.

ಹೊರಟ ದಿನ ಅವರ ಸಾಮಾನು ಹೊತ್ತುಕೊಂಡು ಅರಸೀಕೆರೆಯವರೆಗೂ ಜೊತೆಗೆ ಬಂದೆ. ಬಸ್ ಸ್ಟ್ಯಾಂಡಿನಲ್ಲಿ, "ಯಾಕೆ ಹಂಗೆ ಹೇಳಿದ್ರಿ ಟೀಚರ್?" ಎಂದು ಕೇಳಿದೆ. ಅವರು ಚೀಲ ಕಾಲ ಬಳಿ ಇಟ್ಟುಕೊಳ್ಳುತ್ತ, "ನನಗೆ ವಾಪಸ್ ಹೋಗೋಕೆ ಒಂದು ಸ್ಕೂಲಿದೆ. ನಿಂಗೇನಿದೆ? ಮುಗಿಸು, ಹೋಗು" ಎಂದರು. ಅಳಬೇಕೆನ್ನಿಸಿತು. ಒಳಗೊಳಗೇ ನಿರಾಳವೂ ಆಯಿತು. ಆ ನಿರಾಳಕ್ಕೇ ಇವತ್ತಿಗೂ ನನಗೆ ಹೆಚ್ಚು ನಾಚಿಕೆ.

ಆಮೇಲೆ ನನಗೆ ಅರಸೀಕೆರೆಯಲ್ಲೇ ಕೆಲಸ ಸಿಕ್ಕಿತು. ಬಸ್ತಿಹಳ್ಳಿ ಎಷ್ಟು ದೂರ? ಬಸ್ಸಿನಲ್ಲಿ ಒಂದೂವರೆ ಗಂಟೆಯೂ ಇಲ್ಲ. ಹೋಗಲಿಲ್ಲ. ಹಳೇಬೀಡು ನೋಡಬೇಕೆಂದ ನೆಂಟರನ್ನು ಬೇರೆಯವರ ಜೊತೆ ಕಳಿಸುತ್ತಿದ್ದೆ. ನಡುವೆ ಒಂದೇ ಸಲ ಭೇಟಿಯಾದದ್ದು, ನಮ್ಮ ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ಅವರು ಶಾಲೆಯ ಮಕ್ಕಳನ್ನು ಕರೆತಂದಾಗ. ತಲೆ ನರೆತಿತ್ತು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, "ನೋಡ್ರೋ, ಇವರು ಡಾಕ್ಟರೇಟ್ ಮಾಡಿರೋರು. ನಾವಿಬ್ರೂ ಒಂದೇ ಲ್ಯಾಬು" ಎಂದು ಹೆಮ್ಮೆಯಿಂದ ಹೇಳಿದರು. ವ್ಯಂಗ್ಯವೇ ಎಂದು ಅವರ ಮುಖ ಹುಡುಕಿದೆ. ಇರಲಿಲ್ಲ. ಹೊರಡುವಾಗ ಬಸ್ಸಿನ ಮೆಟ್ಟಿಲ ಮೇಲೆ ನಿಂತು, "ಒಂದ್ಸಲ ಮನೆಗೆ ಬಾರೋ. ನಿಂದೊಂದು ಬರೆಯೋದು ಬಾಕಿ ಇದೆ" ಎಂದರು. ಏನೆಂದು ನಾನು ಕೇಳಲಿಲ್ಲ. ಕೇಳಿದರೆ ಹೇಳಿಬಿಡುತ್ತಾರೆಂಬ ಭಯ. "ಬರ್ತೀನಿ ಟೀಚರ್" ಎಂದೆ. ಹಿಂದೆ ರೈಲಿನಲ್ಲಿ "ಬರೀತೀನಿ" ಎಂದಿದ್ದೆನಲ್ಲ, ಅದೇ ದನಿಯಲ್ಲಿ.

ಈಗ ಅವರಿಲ್ಲ. ಮಿದುಳಿನಲ್ಲಿ ರಕ್ತಸ್ರಾವ, ಹಾಸನದ ಆಸ್ಪತ್ರೆಯಲ್ಲಿ ನಾಲ್ಕು ದಿನ. ಅವರು ಹೋಗಿ ಹದಿಮೂರು ದಿನಕ್ಕೆ ಸಭೆ; ನನಗೆ ತಿಳಿದದ್ದು ಅದರ ಕರೆ ಬಂದಾಗಲೇ.

ಸಭೆ ಮುಗಿದು ಐದು ದಿನಕ್ಕೆ, ಭಾನುವಾರ, ಬಸ್ತಿಹಳ್ಳಿಗೆ ಹೋದೆ. ಯಜಮಾನರು ನಡುಮನೆಯಲ್ಲಿ ಕೂತಿದ್ದರು. ಮನೆಯಲ್ಲಿ ಬೇರಾರೂ ಇರಲಿಲ್ಲ. ಗುರುತು ಹಿಡಿದು, ನೀರು ಕೊಟ್ಟು, ಒಳಗಿನಿಂದ ಏಳು ನೋಟ್‌ಬುಕ್ಕು ಹೊತ್ತು ತಂದರು. "ನಿಮ್ಮ ಗೈಡು ರಿಟೈರಾದಾಗ ಲ್ಯಾಬಲ್ಲಿ ಇವ್ನ ರದ್ದಿಗೆ ಹಾಕ್ತಾವ್ರೆ ಅಂತ ಗೊತ್ತಾಗಿ ಅವಳೇ ಹೋಗಿ ಎತ್ಕಂಡ್ ಬಂದ್ಲು ಸಾ. ನಂಗೇನ್ ಗೊತ್ತಾಯ್ತದೆ ಇದ್ರಾಗೆ? ನೀವೇ ಇಟ್ಕಳಿ" ಎಂದರು.

ಐದನೆಯ ಪುಸ್ತಕವನ್ನು ತೆಗೆದೆ. ಹುಡುಕುವುದೇನಿತ್ತು, ತಾರೀಖು ತಲೆಯಲ್ಲಿ ಕೊರೆದು ಕೂತಿತ್ತು. "ನಾನೇ" ಎಂದು ಗೈಡಿನ ಮುಂದೆ ಹೇಳಿದ ಮೇಲೆ ಪುಸ್ತಕದಲ್ಲೂ ಹಾಗೇ ಬರೆದಿರುತ್ತಾರೆ ಎಂದುಕೊಂಡಿದ್ದೆ. ಇಷ್ಟು ವರ್ಷ ಹಾಗೇ ಅಂದುಕೊಂಡು ಬದುಕಿದ್ದೆ.

ಪುಟದಲ್ಲಿ ಅವರ ದುಂಡು ಅಕ್ಷರ. ಆ ಸೋಮವಾರದ ತಾರೀಖು. "ಮೂರನೇ ತೊಳೆತ ಪೂರ್ತಿಯಾಗಿಲ್ಲ. ಶನಿವಾರ ಬೆಳಿಗ್ಗೆ ನಿಲ್ಲಿಸಲಾಗಿದೆ. ನಿಲ್ಲಿಸಿದವರು:" ಎಂದು ಬರೆದು, ಮುಂದೆ ಸಾಲು ಖಾಲಿ ಬಿಟ್ಟಿದ್ದರು. ಖಾಲಿಯಲ್ಲ. ಸಾಲಿನ ಮೊದಲಿಗೆ ಒಂದು ಚುಕ್ಕೆ ಇಟ್ಟಿದ್ದರು.

ನನಗೆ ತಡೆಯಲಾಗಲಿಲ್ಲ. ಅವರ ಯಜಮಾನರ ಮುಂದೆ ಅತ್ತುಬಿಟ್ಟೆ. ಅವರು ಗಾಬರಿಯಾಗಿ, "ಯಾಕ್ ಸಾ, ಏನಾಯ್ತು?" ಎಂದರು. ಹೇಳಿದೆ. ಯಂತ್ರ ನಿಲ್ಲಿಸಿದ್ದು, ಸೀಸೆ ಒಯ್ದದ್ದು, ಗೈಡಿನ ಕೋಣೆಯಲ್ಲಿ ನೆಲ ನೋಡಿದ್ದು, ಎಲ್ಲ. ಪಲ್ಲಾಡಿಯಂ ಅರ್ಥ ಮಾಡಿಸುವುದು ಹೇಗೆಂದು ತಡವರಿಸುತ್ತಿದ್ದಾಗ ಅವರೇ ಕೈ ಅಡ್ಡ ಹಿಡಿದರು.

"ಗೊತ್ತಾಯ್ತು ಬಿಡಿ ಸಾ. ಕಂಬದ ಮ್ಯಾಲೆ ಪಿಂಗಾಣಿ ಇರ್ತದಲ್ಲ, ಅದ್ರಾಗೆ ಕರೆಂಟ್ ಹರಿಯಾಕಿಲ್ಲ. ಮ್ಯಾಲೆ ಧೂಳು ಕೂತು ಇಬ್ನಿ ಬಿದ್ರೆ ಹರೀತದೆ. ಪಿಂಗಾಣಿ ಹರಿಸ್ತು ಅನ್ಕಂಡ್ರೆ ನಾವ್ ದಡ್ರು. ಕೊಳೆ ಹರ್ಸಿರ್ತದೆ." ತೆರೆದ ಪುಟದ ಮೇಲೆ ಕೈಯಾಡಿಸಿ, "ನಂಗೂ ಅವಳು ನಿಜ ಹೇಳ್ಲಿಲ್ಲ ನೋಡಿ. ನಂದೇ ತಪ್ಪು ಕಣ್ರೀ ಅಂತಿದ್ಲು. ನಾನೂ ಒಂದೊಂದ್ಸಲ ಆಡ್ಕಂಡಿದೀನಿ ಸಾ, ನೀನೇ ಕೆಡಿಸ್ಕಂಡೆ ಅಂತ" ಎಂದರು.

ಕ್ಷಮಿಸಿ ಎಂದೆ. ಅವರು ಎದ್ದು ಗೋಡೆಯ ಗೂಡಿನಿಂದ ಟೀಚರ್ ಪೆನ್ನು ತಂದು ನನ್ನ ಮುಂದಿಟ್ಟರು. "ಬರೀರಿ ಸಾ. ಅವಳಿದ್ದಾಗ್ಲೇ ಬರ್ಬೇಕಿತ್ತು ನೀವು."

ಚುಕ್ಕೆಯ ಮೇಲೇ ನನ್ನ ಹೆಸರು ಬರೆದೆ, ಪೂರ್ತಿ ಹೆಸರು. "ಡಾಕ್ಟರ್" ಹಾಕಲಿಲ್ಲ. ಸಹಿ ಮಾಡಿದೆ. ಹಿಂದಿನ ತಾರೀಖು ಹಾಕಬಾರದೆಂದು ಅವರು ಕಲಿಸಿದ್ದರಲ್ಲ, ಅವತ್ತಿನದೇ ತಾರೀಖು ಹಾಕಿದೆ.

ಕೊನೆಯ ಬೆಲ್ ಹೊಡೆದು ಅವತ್ತಿಗೆ ಹದಿನೆಂಟು ದಿನವಾಗಿತ್ತು.